ಸತುವಿನ ಉಸಿರು

ಬೆಸುಗೆಗೆ ಆಸಿಡ್ಡನ್ನು ಸಾಯಿಸುವುದಿದ್ದರೆ ಪ್ರೀತಮ್ ಸಿಂಗನೇ ಸಾಯಿಸಬೇಕು ಎಂಬ ಮಾತು ಅಮೃತಸರದ ಟ್ರಂಕು ಬಜಾರಿನಲ್ಲಿತ್ತು. ಜಾಡಿಯ ಆಸಿಡ್ಡಿಗೆ ಸತುವಿನ ಚೂರು ಹಾಕಿದರೆ ಕೊತಕೊತ ಗುಳ್ಳೆ ಏಳುತ್ತಿತ್ತು. ಗುಳ್ಳೆ ನಿಂತರೆ ಆಸಿಡ್ ಸತ್ತಿತು, ಆ ನೀರು ತಗಡಿನ ಬೆಸುಗೆಗೆ ತಯಾರು. ಅಲ್ಲಿಯವರೆಗೆ ಅಂಗಡಿಯಲ್ಲಿ ಕಡ್ಡಿ ಗೀರುವಂತಿಲ್ಲ. "ಅದು ಸತುವಿನ ಉಸಿರು ಕಣ್ರೋ, ಬೆಂಕಿ ಕಂಡ್ರೆ ಹೊತ್ಕೊಳುತ್ತೆ" ಎಂದು ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದ. ಎದುರಾಡುವ ಗಂಡು ಆ ಬೀದಿಯಲ್ಲಿರಲಿಲ್ಲ.

ಹಿಂದಿನ ದಿನ ಪ್ಲಾಸ್ಟಿಕ್ ಕ್ಯಾನು ಒಡೆದಿದ್ದರಿಂದ ಆಸಿಡ್ಡನ್ನು ಕಬ್ಬಿಣದ ಡ್ರಮ್ಮಿಗೆ ಸುರಿದಿಟ್ಟಿದ್ದರು. ಬೆಳಿಗ್ಗೆ ಜಾಡಿಗಳಿಗೆ ಬಗ್ಗಿಸಿ, ಡ್ರಮ್ಮಿನ ಬಿರಡೆ ಬಿಗಿದು ಮೂಲೆಗೆ ತಳ್ಳಿದ್ದರು. ಮಧ್ಯಾಹ್ನ ಪ್ರೀತಮನ ತಮ್ಮ ಬಲಕಾರನ ಕಣ್ಣು ಅದರ ಮೇಲೆ ಬಿತ್ತು. ಅವನ ಮಗಳ ಮದುವೆ ಹತ್ತಿರವಿತ್ತು, ರೊಟ್ಟಿ ಸುಡಲು ತಂದೂರ್ ಒಲೆ ಬೇಕಿತ್ತು.

"ವೀರ್‌ಜೀ, ಇದರ ತಲೆ ಕೊಯ್ದ್ರೆ ಒಳ್ಳೇ ತಂದೂರ್ ಆಗುತ್ತೆ. ಗ್ಯಾಸ್ ಕಟರ್ ಹಚ್ಲಾ? ಆಸಿಡ್ ಇದ್ದ ಡ್ರಮ್ಮು, ಏನೂ ಆಗಲ್ಲ ತಾನೆ?" ಎಂದು ಅಣ್ಣನನ್ನು ಕೇಳಿದ.

"ಅದ್ರಲ್ಲಿ ಸತು ಹಾಕಿದ್ವೇನೋ? ಸತು ಇಲ್ದೆ ಉಸಿರು ಎಲ್ಲಿಂದ ಬರುತ್ತೆ? ಮಗಳ ಮದುವೆ ಅಂದ್ರೆ ಅಪ್ಪನ ತಲೆ ಹೀಗೂ ಕೆಡುತ್ತಾ! ಹಚ್ಚು, ಹಚ್ಚು."

ಬಲಕಾರ ನಕ್ಕು ಜ್ವಾಲೆಯನ್ನು ತಗಡಿಗೆ ಮುಟ್ಟಿಸಿದ.

ಢಮ್ಮೆಂದಿತು. ಡ್ರಮ್ಮಿನ ಮುಚ್ಚಳ ಹಾರಿ ತಗಡಿನ ಸೂರಿಗೆ ಕಚ್ಚಿಕೊಂಡಿತು. ಬಲಕಾರ ಟ್ರಂಕುಗಳ ರಾಶಿಯ ಮೇಲೆ ಬಿದ್ದಿದ್ದ, ಪಗಡಿ ಬಿಚ್ಚಿಹೋಗಿತ್ತು, ಎರಡೂ ಕಿವಿಯಿಂದ ರಕ್ತ ಸೋರುತ್ತಿತ್ತು. ಪಕ್ಕದ ಅಂಗಡಿಯವರು ಓಡಿಬಂದು ಅವನನ್ನು ಎತ್ತಿ ಆಟೋಗೆ ಹಾಕಿದರು. ಜೀವಕ್ಕೆ ಅಪಾಯವಿಲ್ಲ, ಕಿವಿ ಮಾತ್ರ ಇನ್ನು ಕೇಳುವುದಿಲ್ಲ ಎಂದರು ಡಾಕ್ಟರು.

ಸಂಜೆ ಪ್ರೀತಮ್ ಅಂಗಡಿಗೆ ಮರಳಿದ. ಸತು ಸೋಕದ ಆಸಿಡ್ ಜಾಡಿಯೊಂದು ಹಾಗೇ ಇತ್ತು. ಅದಕ್ಕೊಂದು ಕಬ್ಬಿಣದ ಮೊಳೆ ಹಾಕಿ ಬಗ್ಗಿ ನೋಡಿದ. ಮೊಳೆಯ ಮೈಯಿಂದ ಒಂದೊಂದೇ ಗುಳ್ಳೆ ಎದ್ದಿತು. ಅದೇ ಗುಳ್ಳೆ! ಹೊತ್ತಿಕೊಳ್ಳುವ ಆ ಗಾಳಿ ಸತುವಿನದಾಗಿರಲೇ ಇಲ್ಲ, ಆಸಿಡ್ಡಿನೊಳಗೇ ಅಡಗಿತ್ತು. ಸತು ಅದನ್ನು ಹೊರಗಟ್ಟುತ್ತಿತ್ತು, ಅಷ್ಟೆ. ಆ ಕೆಲಸವನ್ನು ಕಬ್ಬಿಣವೂ ಮಾಡುತ್ತಿತ್ತು. ಡ್ರಮ್ಮಿನ ಗೋಡೆಗೆ ಅಂಟಿದ್ದ ಆಸಿಡ್ಡು ಬೆಳಗಿನಿಂದ ಬಿರಡೆ ಮುಚ್ಚಿದ ಡ್ರಮ್ಮಿನೊಳಗೆ ಗಾಳಿ ಬಿಡುತ್ತಲೇ ಇತ್ತು. ಮೂವತ್ತು ವರ್ಷ ಗುಳ್ಳೆ ನೋಡಿದ ಮೂರ್ಖ ತಾನು, ಒಂದು ಸಲವೂ ಮೊಳೆ ಹಾಕಿ ನೋಡಲಿಲ್ಲವಲ್ಲ!

ಆಸ್ಪತ್ರೆಗೆ ಓಡಿಹೋಗಿ ತಮ್ಮನ ಕೈ ಹಿಡಿದುಕೊಂಡ.

"ತಪ್ಪು ನಂದು ಕಣೋ. ನಾನೇ ಹಚ್ಚು ಅಂದೆ, ಎಲ್ಲಾ ನಂದೇ."

ಬಲಕಾರ ಅವನ ತುಟಿಯನ್ನೇ ನೋಡಿದ.

"ಮೆಲ್ಲಗೆ ಮಾತಾಡ್ತಿದ್ದೀರಿ, ವೀರ್‌ಜೀ," ಎಂದು ಕಿರುಚಿದ. "ಜೋರಾಗಿ ಹೇಳಿ. ಡ್ರಮ್ಮಲ್ಲಿ ಸತು ಇತ್ತಾ?"