ಅರವತ್ತಾರನೆಯ ನಿಮಿಷ

ಟೀವಿಯಲ್ಲಿ ಫುಟ್‌ಬಾಲ್ ಆಟ ನಿಂತಿತ್ತು. ಆರನೇ ನಂಬರಿನ ಡಿಫೆಂಡರ್ ತಲೆಗೆ ಪೆಟ್ಟು ಬಿದ್ದು ಹುಲ್ಲಿನ ಮೇಲೆ ಕೂತಿದ್ದ. ತಂಡದ ಡಾಕ್ಟರು ಎದುರಿಗೆ ಮಂಡಿಯೂರಿ ಏನೋ ಕೇಳುತ್ತಿದ್ದರು. ರಕ್ತವಿರಲಿಲ್ಲ. ಆದರೂ ಡಾಕ್ಟರು ಎದ್ದು ಬೆಂಚಿನತ್ತ ತಿರುಗಿ, ಇವನನ್ನು ಬದಲಿಸಿ ಎಂದು ಸನ್ನೆ ಮಾಡಿದರು.

"ತಲೆ ಸವರಿದ್ದಕ್ಕೆ ಮನೆಗೆ ಹೋಗ್ತಿದಾನೆ ನೋಡ್ರಪ್ಪ," ಎಂದ ಬಸ್ ಡ್ರೈವರ್. "ಈಗಿನವರದೆಲ್ಲ ಗಾಜಿನ ತಲೆ."

ದರ್ಜಿ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಭಾನುವಾರ ಮಧ್ಯಾಹ್ನ ಅಲ್ಲಿ ಹೊಲಿಗೆ ಇಲ್ಲ. ಇಸ್ತ್ರಿ ಮೇಜಿನ ಮೇಲೆ ಟೀವಿ, ಅದರೆದುರು ಸ್ಟೂಲುಗಳು. ಬೆನ್ನಿಗೆ ಆಸರೆಯಿರುವ ಒಂದೇ ಕುರ್ಚಿ ಊರಿನ ತಂಡದ ಹಳೆಯ ಕ್ಯಾಪ್ಟನ್‌ನದು. ಅವನ ಹಿಂದಿನ ಗೋಡೆಯ ಮೇಲೆ ಅವನದೇ ಫೋಟೊ ಇತ್ತು. ಮೂವತ್ತನಾಲ್ಕು ವರ್ಷದ ಹಿಂದಿನ ಪತ್ರಿಕೆಯಿಂದ ಕತ್ತರಿಸಿ ಚೌಕಟ್ಟು ಹಾಕಿಸಿದ್ದು: ತಲೆಗೆ ಬಟ್ಟೆಯ ಪಟ್ಟಿ, ಪಟ್ಟಿಯ ಮೇಲೆ ಕಪ್ಪು ಕಲೆ, ಪಾದಗಳೆರಡೂ ನೆಲ ಬಿಟ್ಟಿವೆ, ಚೆಂಡು ಹಣೆಗೆ ತಾಗಿದೆ. ಲೀಗ್ ಫೈನಲಿನ ಎಂಬತ್ತೊಂದನೆಯ ನಿಮಿಷ, ಪಂದ್ಯದ ಏಕೈಕ ಗೋಲು. ಈಗ ಅವನಿಗೆ ಅರವತ್ತೊಂದು. ಮಗಳು ಕೈಹಿಡಿದು ಕರೆತಂದು ಕೂರಿಸಿದರೆ ಕೂರುತ್ತಾನೆ.

ಡ್ರೈವರ್ ಮತ್ತು ದರ್ಜಿಯ ವಾದಕ್ಕೂ ಆ ಫೋಟೊದಷ್ಟೇ ವಯಸ್ಸು. ಹಿಂದಿನಿಂದ ಬಂದು ಕಾಲಿಗೆ ಒದ್ದರೂ ಎದ್ದು ಆಡುತ್ತಿದ್ದರು, ಕೆಸರಲ್ಲೇ ಆಡುತ್ತಿದ್ದರು, ಚೆಂಡು ಕಲ್ಲಿನಂತಿತ್ತು ಎಂದು ಡ್ರೈವರ್ ಹೇಳುವನು. ಚೆಂಡಿನ ತೂಕದ ನಿಯಮ ಅಂದೂ ಇಂದೂ ಒಂದೇ, ನಿಮ್ಮ ಕಾಲದ ಗೋಲ್‌ಕೀಪರ್ ಅರ್ಧ ಆಟ ಚೆಂಡನ್ನು ತಬ್ಬಿಕೊಂಡೇ ನಿಲ್ಲುತ್ತಿದ್ದ, ಈಗಿನ ಹುಡುಗರು ಅದಕ್ಕೆ ಎರಡರಷ್ಟು ಓಡುತ್ತಾರೆ ಎಂದು ದರ್ಜಿ ತಿದ್ದುವನು. ಕೊನೆಗೆ ಡ್ರೈವರ್ ಗೋಡೆಯ ಕಡೆ ಕೈ ತೋರಿಸಿದರೆ ದರ್ಜಿ ಬಾಯಿ ಮುಚ್ಚಲೇಬೇಕು.

ಇಂದೂ ತೋರಿಸಿದ. "ತಲೆ ಒಡೆದು ಎರಡೇ ನಿಮಿಷಕ್ಕೆ ವಾಪಸ್ ಬಂದ. ಗೆದ್ದು ಬಸ್ಸಲ್ಲಿ ಬರುವಾಗ ನಾಲ್ಕು ಸಲ 'ಯಾರ್ರೋ ಗೆದ್ದಿದ್ದು' ಅಂತ ಕೇಳಿ ಎಲ್ಲರನ್ನೂ ನಗಿಸಿದ. ಅದು ಗಂಡಸಿನ ಆಟ. ಬಕೆಟಣ್ಣ, ಆ ಮೂರು ಪ್ರಶ್ನೆ ಹೇಳು."

ಬಕೆಟಣ್ಣ ಸ್ಟೂಲಿನ ಅಂಚಿನಲ್ಲಿ ಕೂತಿದ್ದ. ಆ ಕಾಲದಲ್ಲಿ ತಂಡದ ಬಟ್ಟೆ ಒಗೆಯುತ್ತಿದ್ದವನು ಅವನೇ, ಯಾರಾದರೂ ಬಿದ್ದರೆ ಬಕೆಟ್ಟು ಸ್ಪಂಜು ಹಿಡಿದು ಮೈದಾನಕ್ಕೆ ಓಡುತ್ತಿದ್ದವನೂ ಅವನೇ. ವೈದ್ಯದ ಗಂಧಗಾಳಿ ಇರಲಿಲ್ಲ. ಊರಲ್ಲಿ ಬಕೆಟ್ ಹಿಡಿದು ಮೇಲೆ ಬಂದವರು ಬಹಳ ಜನ, ಹಿಡಿದೂ ಅಲ್ಲೇ ಉಳಿದವನು ನಾನೊಬ್ಬನೇ ಎಂದು ತಾನೇ ಹೇಳಿ ನಗುತ್ತಿದ್ದ. ತಲೆಗೆ ಪೆಟ್ಟು ಬಿದ್ದವರನ್ನು ಅವನು ಮೂರು ಪ್ರಶ್ನೆ ಕೇಳುವ ರೂಢಿಯಿತ್ತು: ಎದುರಾಳಿ ಯಾರು, ಸ್ಕೋರ್ ಎಷ್ಟು, ನಾವು ಯಾವ ಕಡೆ ಹೊಡೀತಿದೀವಿ. ಮೂರಕ್ಕೂ ಉತ್ತರ ಸರಿಯಿದ್ದರೆ ಕೋಚ್‌ಗೆ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಕ್ಯಾಪ್ಟನ್ ಮೂರಕ್ಕೂ ತಪ್ಪಿಲ್ಲದೆ ಉತ್ತರಿಸಿದ ಕಥೆಯನ್ನು ಪ್ರತಿ ಭಾನುವಾರ ಹೇಳುತ್ತ ಬಂದಿದ್ದ.

ಇಂದು ಹೇಳಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಬಳಿ ಕ್ಯಾಪ್ಟನ್‌ನ ಮಗಳು ಆಸ್ಪತ್ರೆಯ ಫಾರಂ ಹಿಡಿದು ಕೂತಿದ್ದಳು. ಪ್ರತಿ ವಾರ ಅಪ್ಪನನ್ನು ಕೂರಿಸಿ ಹೊರಟುಹೋಗುವವಳು ಇಂದು ಉಳಿದಿದ್ದಳು. ನಾಳೆ ಬೆಳಿಗ್ಗೆ ನರರೋಗದ ಡಾಕ್ಟರನ್ನು ಕಾಣಬೇಕಿತ್ತು. ಅಪ್ಪನ ಮರೆವು ಯಾವ ಕಾಯಿಲೆ ಎಂಬುದು ಅವರಿಗೆ ಇನ್ನೂ ಖಚಿತವಾಗಿರಲಿಲ್ಲ. ಹಳೆಯ ಪೆಟ್ಟುಗಳನ್ನೆಲ್ಲ ಬರೆದು ತರಲು ಹೇಳಿದ್ದರು.

"ಆರನೇ ಪ್ರಶ್ನೆ ಒಂದನ್ನ ಕೇಳ್ಬೇಕಿತ್ತು, ಮಾಮ," ಎಂದಳು ಬಕೆಟಣ್ಣನಿಗೆ. "ಪೆಟ್ಟು ಬಿದ್ದಾಗ ಪ್ರಜ್ಞೆ ತಪ್ಪಿತ್ತಾ, ಗೊಂದಲ ಇತ್ತಾ ಅಂತ ಕೇಳಿದಾರೆ. ನಿಮ್ಮ ಕಥೆ ಬಾಯಿಪಾಠ ಅಲ್ವಾ, 'ಇಲ್ಲ' ಅಂತ ಬರೆದಿದೀನಿ. ಸರಿ ತಾನೆ?"

"ಸರಿಯಾಗೇ ಬರ್ದಿದೀಯ," ಎಂದ ಡ್ರೈವರ್.

ಬಕೆಟಣ್ಣ ಟೀವಿ ನೋಡುತ್ತಿದ್ದ. ಆರನೇ ನಂಬರಿನವನು ಡಾಕ್ಟರ ತೋಳು ಹಿಡಿದು ಗೆರೆ ದಾಟುತ್ತಿದ್ದ. ಒಂದು ಹೆಜ್ಜೆ ತಪ್ಪಾಗಿ ಬಿತ್ತು. ಡಾಕ್ಟರು ಹಿಡಿದುಕೊಂಡರು.

"ಹೊಡೆದುಹಾಕಮ್ಮ ಅದನ್ನ," ಎಂದ ಬಕೆಟಣ್ಣ.

"ಯಾವುದನ್ನ?"

"ಇಲ್ಲ ಅಂತ ಬರ್ದಿದೀಯಲ್ಲ, ಅದನ್ನ."

ದರ್ಜಿ ರಿಮೋಟ್ ಎತ್ತಿ ಟೀವಿಯ ಸದ್ದು ಅಡಗಿಸಿದ.

ಬಕೆಟಣ್ಣ ನೆಲ ನೋಡುತ್ತ ಹೇಳಿದ. ಅರವತ್ತಾರನೆಯ ನಿಮಿಷ. ಎದುರಾಳಿಯ ಡಿಫೆಂಡರಿಗೆ ತಲೆ ಢಿಕ್ಕಿ ಹೊಡೆದು ಕ್ಯಾಪ್ಟನ್ ಬಿದ್ದ. ಬಕೆಟಣ್ಣ ಓಡಿ ತಲುಪುವ ಹೊತ್ತಿಗೆ ಕಣ್ಣು ತೆರೆದೇ ಇತ್ತು, ಆದರೆ ಕರೆದರೆ ಓಗೊಡಲಿಲ್ಲ. ಆಮೇಲೆ ಕ್ಯಾಪ್ಟನ್ ತಾನೇ ಕೇಳಿದ, ಯಾರ ಜೊತೆ ಆಡ್ತಿದೀವಿ ಎಂದು. ಆಗ ಒಂದು ಆಟದಲ್ಲಿ ಇಬ್ಬರನ್ನಷ್ಟೇ ಬದಲಿಸಬಹುದಿತ್ತು. ಇಬ್ಬರನ್ನೂ ಬದಲಿಸಿ ಆಗಿತ್ತು. ಇವನು ಹೊರಗೆ ಹೋದರೆ ಉಳಿಯುವುದು ಹತ್ತೇ ಜನ. ಕೋಚ್ ಗೆರೆಯಿಂದ ಬರುತ್ತಿರುವುದು ಕಂಡಿತು.

"ಸ್ಪಂಜು ಹಣೆಗೆ ಒತ್ತಿದೆ. ಕಿವಿಯಲ್ಲಿ ಉತ್ತರ ಹೇಳ್ಕೊಟ್ಟೆ. ಮೂರನ್ನೂ. ಎರಡು ಸಲ ಹೇಳಿಸ್ದೆ. ಕೋಚ್ ಬಂದ ಮೇಲೆ ಪ್ರಶ್ನೆ ಕೇಳ್ದೆ."

ಡ್ರೈವರ್ ಫೋಟೊ ನೋಡಿದ, ಬಕೆಟಣ್ಣನನ್ನು ನೋಡಿದ.

"ಮತ್ತೆ ಬಸ್ಸಲ್ಲಿ ಕೇಳಿದ್ದು?"

"ತಮಾಷೆ ಅಂತ ಹೇಳಿದ್ದು ನಾನು. ಅವನು ನಗಲಿಲ್ಲ."

"ಮೂವತ್ನಾಲ್ಕು ವರ್ಷ ನಮ್ಮನ್ನ ಕುರಿ ಮಾಡಿದೆಯಲ್ಲಯ್ಯ." ಡ್ರೈವರ್ ಎದ್ದು ನಿಂತ. ಹೊರಟುಹೋಗುವವನಂತೆ ಶಟರಿನವರೆಗೆ ನಡೆದ. ಅಲ್ಲೇ ನಿಂತ.

ಮಗಳ ಧ್ವನಿ ಏರಲಿಲ್ಲ. "ಎಷ್ಟು ಹೊತ್ತು ಮಾತಾಡಲಿಲ್ಲ?"

"ಇಪ್ಪತ್ತು ಎಣಿಸೋಷ್ಟು. ಜಾಸ್ತಿಯೂ ಇರಬಹುದು."

ಅವಳು ಬರೆದದ್ದಕ್ಕೆ ಗೆರೆ ಎಳೆದಳು. ಜಾಗ ಸಾಲದೆ ಅಂಚಿನಲ್ಲಿ ಬರೆದಳು. ಬರೆಯುತ್ತಲೇ ಹೇಳಿದಳು, "ಆ ಫೈನಲ್ ಆದ್ಮೇಲೆ, ಮದುವೆಯಾದ ಹೊಸದರಲ್ಲೇ ಅಪ್ಪ ದಾರಿ ಮರೆತು ಮನೆಗೆ ತಡವಾಗಿ ಬರ್ತಿದ್ರಂತೆ. ಕುಡಿದು ಬರ್ತಾರೆ ಅಂದ್ಕೊಂಡೇ ಅಮ್ಮ ಸತ್ತಳು."

ಬಕೆಟಣ್ಣ ಏನೋ ಹೇಳಹೋದ. ಅವಳು ತಲೆಯೆತ್ತಲಿಲ್ಲ.

ಸದ್ದಿಲ್ಲದ ಪರದೆಯಲ್ಲಿ ಆಟ ಮತ್ತೆ ಶುರುವಾಗಿತ್ತು. ಇವರು ಬೆಂಬಲಿಸುವ ತಂಡ ಗೋಲು ಹೊಡೆದು ಸಮ ಮಾಡಿತು. ಹನ್ನೊಂದು ಜನ ಬಾಯ್ತೆರೆದು ಓಡಿದರು. ಅಂಗಡಿಯಲ್ಲಿ ಯಾರೂ ಮಿಸುಕಲಿಲ್ಲ. ಕ್ಯಾಪ್ಟನ್ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂತ. ಓಡುವವರನ್ನು ಹುಬ್ಬು ಗಂಟಿಕ್ಕಿ ನೋಡಿದ. ಆಮೇಲೆ ಬಕೆಟಣ್ಣನ ತೋಳು ಹಿಡಿದ.

"ಲೋ ಬಕೆಟ್, ಎಷ್ಟಾಯ್ತೋ?"

ಪರದೆಯ ಮೂಲೆಯಲ್ಲಿ ಅಂಕಿ ದೊಡ್ಡದಾಗಿಯೇ ಇತ್ತು. ಬಕೆಟಣ್ಣನ ಮೈ ತಾನಾಗಿ ಅವನತ್ತ ವಾಲಿ, ಅರ್ಧದಲ್ಲಿ ನಿಂತಿತು. ಮಗಳು ಪೆನ್ನು ಕೆಳಗಿಟ್ಟು ಇಬ್ಬರನ್ನೂ ನೋಡಿದಳು.

ಕ್ಯಾಪ್ಟನ್ ತಲೆ ಬಾಗಿಸಿದ. ಕಿವಿಯನ್ನು ಬಕೆಟಣ್ಣನ ಬಾಯಿಯ ಹತ್ತಿರಕ್ಕೆ ತಂದು ಕಾದ.