ಎರಡನೆಯ ಕವಡೆ

ಸರ್ರ್, ಸರ್ರ್, ಅಂಗಳದಲ್ಲಿ ಯಾರೋ ಗುಡಿಸುತ್ತಿದ್ದಾರೆ, ಈ ಹೊತ್ತಿನಲ್ಲಿ ಯಾರಪ್ಪಾ, ಮೊದಲ ಪಾಠವೇ ಇನ್ನೂ ಮುಗಿದಿಲ್ಲ, ತೆಂಗಿನಗರಿಯ ಪೊರಕೆ ಹವಳದ ಪುಡಿಯ ಮೇಲೆ ಎಳೆದರೆ ಮಾತ್ರ ಹೀಗೆ ಕೇಳುತ್ತದೆ, ಇರಲಿ, ಮೊದಲು ಈ ಗುಂಡಿ, ಅಲುಗಾಡಬೇಡ ಲೇನಾಸಿ, ಸೂಜಿ ಚುಚ್ಚೀತು, ಒಂದನೇ ಕ್ಲಾಸಿನ ಮಕ್ಕಳ ಅಂಗಿಯಲ್ಲಿ ಗುಂಡಿ ನಿಲ್ಲುವುದೇ ಇಲ್ಲ, ಮೂವತ್ತನಾಲ್ಕು ವರ್ಷದಲ್ಲಿ ಎಷ್ಟು ಗುಂಡಿ ಹೊಲಿದೆನೋ, ಟೀಚರಾಗಿದ್ದಾಗಲೂ, ಹೆಡ್‌ಮಿಸ್ ಆದಮೇಲೂ, ಶುಕ್ರವಾರ ರಿಟೈರ್ ಆದಮೇಲೆ ಇವಕ್ಕೆ ಯಾರು ಹೊಲಿಯುತ್ತಾರೆ — ನಿನ್ನ ಕ್ಲಾಸು ನಡೀತಾ ಇದೆಯಲ್ಲಾ, ಲೇಪಕೋವಾ ಅಮ್ಮನಿಗೆ ಹೇಳಿ ಬಂದೆಯಾ, ಅವರೇ ಹೊರಗೆ ಹೋದ್ರಲ್ಲಾ ಮಿಸ್, ಒಂದೇ ಒಂದು ಮಾತು ಹೇಳಿದ್ರು, ನಾವೆಲ್ಲ ನಕ್ಕುಬಿಟ್ವಿ, ಹಲ್ಲಿ ಲೊಚಗುಟ್ಟಿದ ಹಾಗಿತ್ತು ಮಿಸ್, ಆಮೇಲೆ ಅವರು ಹಿಂಗೆ ಕತ್ತು ಮುಟ್ಟಿಕೊಂಡು ಮೂಲೆಯಲ್ಲಿದ್ದ ಪೊರಕೆ ತಗೊಂಡು ಹೋದ್ರು, ಅವರು ಕಸ ಗುಡಿಸೋ ಟೀಚರಾ ಮಿಸ್ — ದಾರ ಕಡಿಯಿತು, ಇನ್ನೊಮ್ಮೆ ಪೋಣಿಸಬೇಕು, ಸೂಜಿಯ ಕಣ್ಣೇ ಕಾಣುತ್ತಿಲ್ಲ.

ರಾಜಧಾನಿ ಪೋರ್ಟ್ ವಿಲಾದ ಶಿಕ್ಷಣ ಇಲಾಖೆಯಿಂದ ಕಾಗದ ಬಂದಿತ್ತು, ಮೊದಲೆರಡು ಕ್ಲಾಸಿಗೆ ಪಾಠ ದ್ವೀಪದ ಮಾತಿನಲ್ಲೇ ನಡೆಯಬೇಕು, ಈ ಸೋಮವಾರದೊಳಗೆ ಕಲಿಸುವವರು ಸಿಗದಿದ್ದರೆ ಎಲ್ಲ ದ್ವೀಪಗಳಲ್ಲೂ ನಡೆಯುವ ಬಿಸ್ಲಾಮಾ ಮಾತೇ ಸಾಕು, ಆಮೇಲೆ ಯಾರೂ ಕೇಳುವುದಿಲ್ಲ, ಇಂಗ್ಲಿಷ್ ಕಲಿಸು ಎಂದು ನನ್ನನ್ನು ಬೇರೆ ದ್ವೀಪದಿಂದ ಇಲ್ಲಿಗೆ ಹಾಕಿದವರೂ ಅವರೇ, ಇಲ್ಲಿಯ ಮಾತು ನನ್ನ ನಾಲಿಗೆಗೆ ಬರುವುದಿಲ್ಲ, ಮನೆಮನೆಗೆ ಹೋದೆ, ನನ್ನ ಹಳೆಯ ವಿದ್ಯಾರ್ಥಿಗಳೇ ಎಲ್ಲರೂ, ಕೂತ್ಕೊಳ್ಳಿ ಮಿಸ್, ಲಪ್‌ಲಪ್ ತಿನ್ನಿ ಮಿಸ್, ಬಾಳೆಲೆ ಬಿಚ್ಚಿ ಕೆಸುವಿನ ಗಡ್ಡೆಯ ಬಿಸಿ ತುಂಡು ಕೈಗಿಟ್ಟರು, ಆ ಮಾತಾ, ಅದು ಮರೆತೇಹೋಯ್ತು ಮಿಸ್, ನೀವೇ ಅಲ್ವಾ ಮರೆಸಿದ್ದು ಎಂದು ನಗುತ್ತಲೇ ಹೇಳಿದರು, ಉಳಿದವಳು ಲೇಪಕೋವಾ ಒಬ್ಬಳೇ, ಹೋದ ವರ್ಷ ತಾಯಿ ತೀರಿಕೊಳ್ಳುವವರೆಗೂ ಅವಳ ಜೊತೆ ಅದನ್ನೇ ಆಡುತ್ತಿದ್ದವಳು, ನಾನು ಅವಳ ಮನೆಯ ಚಾಪೆಯ ಮೇಲೆ ಕೂತು ಬೇಡಿದೆ, ಒಂದು ವಾರ ಬಂದು ನೋಡು ಮಗಳೇ, ನೀನು ಬಿಟ್ಟರೆ ಇದು ಇಲ್ಲಿಗೇ ಮುಗಿಯಿತು, ಅವಳು ಕಾಯಿ ತುರಿಯುತ್ತಲೇ ಇದ್ದಳು, ಮಕ್ಕಳು ನಗ್ತಾವೆ ಮಿಸ್, ಇಲ್ಲ ನಗುವುದಿಲ್ಲ ಅಂದೆ, ನಾನೇ ಅಂದೆ.

ಆಗ ಅವಳಿಗೆ ಎಂಟು ವರ್ಷ, ನನಗೆ ಇಪ್ಪತ್ತೊಂದು, ಗೋಡೆಯ ಮೊಳೆಗೆ ದಾರ ಕಟ್ಟಿದ ಒಂದು ಕವಡೆ, ನಾನು ಬರುವ ಮೊದಲೇ ಅದು ಅಲ್ಲಿತ್ತು, ಮನೆಮಾತು ಆಡಿದವರ ಕೊರಳಿಗೆ ಅದು, ಕಳಚಬೇಕೆಂದರೆ ಇನ್ನೊಬ್ಬರು ಆಡುವಾಗ ಹಿಡಿದು ಅವರ ಕೊರಳಿಗೆ ದಾಟಿಸಬೇಕು, ಸಂಜೆ ಯಾರ ಕೊರಳಲ್ಲಿ ಉಳಿಯುತ್ತದೋ ಅವರು ಅಂಗಳ ಗುಡಿಸಬೇಕು, ಮಕ್ಕಳು ಬೆಕ್ಕಿನ ಹಾಗೆ ಹೊಂಚು ಹಾಕುತ್ತಿದ್ದವು, ಲೇಪಕೋವಾ ಮಾತ್ರ ಯಾರಿಗೂ ದಾಟಿಸಲಿಲ್ಲ, ದಿನಾ ಅವಳದೇ ಕೊರಳು, ದಿನಾ ಅವಳದೇ ಪೊರಕೆ, ಪಾಪ ಮಂದಬುದ್ಧಿ ಎಂದುಕೊಂಡಿದ್ದೆ, ಒಂದು ಮಧ್ಯಾಹ್ನ ಆಲದ ಮರದ ಹಿಂದಿನಿಂದ ನೋಡಿದೆ, ಅವಳು ನಡುವೆ ಕೂತಿದ್ದಾಳೆ, ಸುತ್ತ ಇಡೀ ಶಾಲೆ, ಎಲ್ಲರೂ ಅದೇ ಮಾತು, ಗಲಗಲ, ಕವಡೆ ಅವಳ ಕೊರಳಲ್ಲಿ ಇರುವ ತನಕ ಯಾರಿಗೂ ಭಯವಿಲ್ಲ, ಬೇಕೆಂದೇ ಹೊತ್ತಿದ್ದಳು, ನಾನು ಅಲ್ಲೇ ಹಿಂದಿರುಗಬಹುದಿತ್ತು, ನೋಡಲಿಲ್ಲ ಎನ್ನಬಹುದಿತ್ತು, ಆದರೆ ಮುಂದಿನ ತಿಂಗಳು ಇನ್‌ಸ್ಪೆಕ್ಟರ್ ಬರುವವರಿದ್ದರು, ಚುರುಕು ಹುಡುಗಿ ನೀನು ಲೇಮಾರಾ ಎಂದು ಅವರಿಂದ ಅನ್ನಿಸಿಕೊಳ್ಳಬೇಕಿತ್ತು, ಅವತ್ತೇ ದಡಕ್ಕೆ ಹೋಗಿ ಇನ್ನೊಂದು ಕವಡೆ ಆರಿಸಿ ತಂದೆ, ಮೊಳೆ ಕಾಯಿಸಿ ಉಜ್ಜಿ ಉಜ್ಜಿ ತೂತು ಕೊರೆದೆ, ಒಬ್ಬರ ಕೊರಳಿಗೆ ಒಂದೇ ಎಂದೆ, ಎರಡನೆಯದಕ್ಕೆ ಅಡ್ಡ ನಿಲ್ಲುವವರು ಯಾರೂ ಇರಲಿಲ್ಲ, ಎರಡೇ ವಾರ, ಆಲದ ಕೆಳಗೆ ಸದ್ದಿಲ್ಲ, ಇನ್‌ಸ್ಪೆಕ್ಟರ್ ಬೆನ್ನು ತಟ್ಟಿದರು, ಅಲ್ಲಿಂದಲೇ ನಾನು ಮೇಲೇರಿದ್ದು.

ಸರ್ರ್, ಸರ್ರ್, ಕಿಟಕಿಯಿಂದ ಕಾಣುತ್ತಾಳೆ, ನಲವತ್ತೆರಡರ ಹೆಂಗಸು, ಗೇಟಿನ ಕಡೆಯಿಂದ ಶುರು ಮಾಡಿದ್ದಾಳೆ, ನಾನು ಆಗ ಹೇಳಿಕೊಟ್ಟ ಹಾಗೇ, ಒಂದು ಎಲೆ ಬಿಡದಂತೆ, ಲೇಪಕೋವಾ, ಸಾಕು ಬಾರೇ, ಒಳಗೆ ಬಾ, ತಲೆ ಎತ್ತಲಿಲ್ಲ, ಆ ಮಾತು ಆಡಿಬಿಟ್ಟೆನಲ್ಲ ಮಿಸ್, ಗುಡಿಸಿ ಮನೆಗೆ ಹೋಗ್ತೀನಿ, ನಾಳೆಯಿಂದ ಬರಲ್ಲ, ಇಷ್ಟೇ, ಕೋಪವಾದರೂ ಇದ್ದಿದ್ದರೆ ಕಾಲು ಹಿಡಿಯಬಹುದಿತ್ತು, ಅವಳು ಹೇಳಿದ ಆ ಮಾತು ಯಾವುದು ಲೇನಾಸಿ, ನೆನಪಿದೆಯಾ ಕಂದಾ, ಗೊತ್ತಿಲ್ಲ ಮಿಸ್, ನಕ್ಕುಬಿಟ್ವಲ್ಲ, ಕತ್ತರಿ ಎಲ್ಲಿ, ಡ್ರಾಯರಿನಲ್ಲಿ, ಮಗು ನನಗಿಂತ ಮುಂಚೆ ಕೈ ಹಾಕಿ ಕತ್ತರಿಯಲ್ಲ, ಆ ಎರಡನೆಯ ಕವಡೆಯನ್ನೇ ತೆಗೆದಳು, ಅಯ್ಯ, ಚೆನ್ನಾಗಿದೆ ಮಿಸ್, ಇದೂ ಗುಂಡೀನಾ, ಕಣ್ಣಿಗಿಟ್ಟುಕೊಂಡು ಬೆಳಕಿನ ಕಡೆ ತಿರುಗಿದಳು, ಇದರೊಳಗಿಂದ ಲೇಪಕೋವಾ ಅಮ್ಮ ಕಾಣ್ತಾರೆ ಮಿಸ್, ಇಷ್ಟೇ ಇಷ್ಟು, ಆ ತೂತು, ನನ್ನ ಕೈ ಕೊರೆದದ್ದು, ಅಂಚು ಸವೆದು ನಯವಾಗಿದೆ, ಎಷ್ಟು ಕೊರಳು ಉಜ್ಜಿದ ದಾರವೋ, ಸರ್ರ್, ಸರ್ರ್, ಆ ತೂತು —