ಹೂಕೋಸಿಲ್ಲದ ಪಾತಿ

ಮಣ್ಣು ಬೆರಳಿಗೆ ತಣ್ಣಗೆ ತಾಗುತ್ತಿದೆ, ಚಳಿ ಆಗಲೇ ಒಳಗಿಳಿದಿದೆ, ಇನ್ನೂ ತಡಮಾಡಿದರೆ ಬೀಜ ಮೊಳೆಯುವುದಿಲ್ಲವೆಂದು ಇವರು, ನನ್ನ ಯಜಮಾನರು, ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ಬೆಳಗಿನಿಂದ ಜೀವ ತಿನ್ನುತ್ತಿದ್ದಾರೆ — ಸಾಲು ಸೊಟ್ಟಗಾಯ್ತು ನೋಡು, ಕಣ್ಣಿದೆಯೋ ಇಲ್ವೋ ನಿಂಗೆ — ಬದುಕೆಲ್ಲ ಕಂಡವರ ತೋಟಗಳಲ್ಲಿ ಮಾಲಿ, ಸ್ವಂತ ಹಿತ್ತಲಿನ ಈ ಪಾತಿಗೆ ಮಾತ್ರ ನನ್ನನ್ನು ಕಾಲಿಡಲು ಬಿಡಲಿಲ್ಲ, ನೀನು ಮುಟ್ಟಿದ್ದೆಲ್ಲ ಒಣಗುತ್ತೆ ಕಣೆ ಎಂದು ನೆಂಟರ ಮುಂದೆ ನಗಾಡಿದ ಬಾಯಿ, ಈಗ ಅದೇ ಬಾಯಿಗೆ ನಾನು ಚಮಚದಲ್ಲಿ ನೀರು ಹಾಕಬೇಕು, ಅದೇ ಪಾತಿಗೆ ನಾನೇ ಗುದ್ದಲಿ ಹಾಕಬೇಕು, ಹೆಂಟೆ ಒಡೆದೆ, ಎಲೆಗೊಬ್ಬರ ಬೆರೆಸಿದೆ, ಮೇಲೆ ಹೊದಿಸಲು ಒಣಹುಲ್ಲು ತಂದಿಟ್ಟೆ, ಸೊಂಟ ಬಿದ್ದುಹೋಯಿತು, ಒಂದು ಒಳ್ಳೆಯ ಮಾತಿಲ್ಲ, ಬೇಡ ಬಿಡಿ, ಈಗ ಬಂದರೆ ನನಗೇ ಭಯವಾದೀತು, ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟರು ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು, ನೋಡಿ ಅಮ್ಮಾ, ಇನ್ನು ಒಂದೆರಡು ತಿಂಗಳು ಅಷ್ಟೇ, ಅವರಿಗೆ ಹೇಳ್ಬೇಡಿ, ಕೇಳಿದ್ದು ಕೊಡಿ — ಕೇಳಿದ್ದು ಕೊಡಬೇಕಂತೆ, ಮದುವೆಯಾದಾಗಿನಿಂದ ನಾನು ಇನ್ನೇನು ಮಾಡಿದ್ದೇನೆ — ಹೊಟ್ಟೆಯಲ್ಲಿ ಸಣ್ಣ ಹುಣ್ಣು, ಚಳಿ ಕಳೆದರೆ ವಾಸಿಯಾಗುತ್ತೆ ರೀ ಎಂದೆ, ನಂಬಿದರು, ಮಗಳ ಹತ್ತಿರವೂ ತುಟಿ ಬಿಚ್ಚಲಿಲ್ಲ, ನುಂಗಿಕೊಂಡೆ.

ಒಂದು ಸಾಲು ಮೂಲಂಗಿ, ಪಕ್ಕದಲ್ಲಿ ಮೆಂತ್ಯ, ಮತ್ತೆ ಮೂಲಂಗಿ, ಬೇಗ ಬರಲಿ, ಒಂದಾದರೂ ಇವರ ಬಾಯಿಗೆ ಸಿಗಲಿ, ಇಷ್ಟು ಅನ್ನಿಸಿಕೊಂಡರೂ ಹಾಳು ಕರುಳಿಗೆ ನಾಚಿಕೆಯಿಲ್ಲ — ಏ, ಹೂಕೋಸಿನ ಸಸಿ ಎಲ್ಲೇ, ಆ ತುದಿಯಲ್ಲಿ ಪ್ರತಿ ವರ್ಷ ಅದೇ ಅಲ್ವಾ ಹಾಕೋದು — ತರಲಿಲ್ಲ ರೀ, ಅದು ಕೈಗೆ ಬರೋದು ತುಂಬಾ ತಡ, ಎಂದುಬಿಟ್ಟೆ, ತಲೆಯೆತ್ತದೆ, ಎಷ್ಟು ಸಲೀಸಾಗಿ ಎಂದುಬಿಟ್ಟೆ, ನಾಲಿಗೆ ಸೇದಿಹೋಗಬಾರದಿತ್ತೇ. ಬೈಗುಳಕ್ಕೆ ಕಾದೆ, ಬರಲಿಲ್ಲ, ನೋಡಿದರೆ ಕಿಟಕಿ ಮುಚ್ಚಿಕೊಂಡಿದ್ದಾರೆ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಮುಖ, ಕಣ್ಣು ಸಾಲಿನಿಂದ ಸಾಲಿಗೆ ಹೋಗುತ್ತಿದೆ, ಮೂಲಂಗಿ, ಮೆಂತ್ಯ, ಮೂಲಂಗಿ, ಯಾವುದು ಎಷ್ಟು ದಿನದ ಬೆಳೆಯೆಂದು ಇವರಿಗೆ ಯಾರು ಹೇಳಿಕೊಡಬೇಕು, ಕೊನೆಗೆ ಕಣ್ಣು ಆ ಖಾಲಿ ತುದಿಯಲ್ಲಿ ನಿಂತಿತು, ಅಲ್ಲಿಂದ ನನ್ನ ಮೇಲೆ — ಬೈಯಿರಿ, ನಿಮ್ಮ ದಮ್ಮಯ್ಯ, ಏನಾದರೂ ಅನ್ನಿ — ಗಾಜಿನ ಮೇಲೆ ಇವರ ಉಸಿರಿನ ಮಂಜು, ಮೂಡುತ್ತದೆ, ಮುಖ ಮರೆಯಾಗುತ್ತದೆ, ಕರಗುತ್ತದೆ, ಮುಖ ಅಲ್ಲೇ ಇದೆ, ಮತ್ತೆ ಮಂಜು, ಕರಗಿತು, ಮುಖ, ಇನ್ನೊಮ್ಮೆ ಮೂಡಲಿ, ಮಂಜು —